ಹಿತ್ತಲ ಮಳೆಯ ಲೆಕ್ಕ ಊರಿಗೂ ಸಿಗಲಿ

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇಡುವುದು ಹಳೆಯ ರೂಢಿ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳತೆಗಾಜಿಗೆ ಸುರಿದು, ಬಿದ್ದ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದಿಂಚು, ಅಂದರೆ 25.4 ಮಿಲಿಮೀಟರ್. ಬೇಸಿಗೆಯ ಹೂಮಳೆ ಎಷ್ಟು ಬಿತ್ತು, ಅದಾದ ಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಬಂತು ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿರುವುದರಿಂದ ಅಲ್ಲಿ ಮಳೆಯ ಲೆಕ್ಕಕ್ಕೂ ಹಣದ ಲೆಕ್ಕಕ್ಕೂ ಒಂದೇ ತೂಕ. ಇಂಥ ಪುಸ್ತಕಗಳು ಬಹುಪಾಲು ಮನೆಯ ಬೀರು ದಾಟಿ ಆಚೆ ಬರುವುದಿಲ್ಲ ಎನ್ನುವುದೊಂದೇ ಕೊರತೆ. ಹಿತ್ತಲಲ್ಲಿ ಹವಾಮಾನ ಕೇಂದ್ರ ಇಟ್ಟುಕೊಂಡು ಅದರ ಅಂಕಿಗಳನ್ನು ಇಂಟರ್‌ನೆಟ್‌ಗೆ ಏರಿಸುವ ಇಂದಿನ ಹವ್ಯಾಸ ಆ ಕೊರತೆಯನ್ನು ತುಂಬಬಲ್ಲದು.

ನಮ್ಮ ರಾಜ್ಯಕ್ಕೆ ಇದು ಬೇಕೇ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಅಲ್ಲಿಂದ ಈಶಾನ್ಯಕ್ಕೆ, ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬರುವಾಗ ಅದು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಘಟ್ಟದ ಒಂದು ತಿರುವು ದಾಟಿದರೆ ಮಳೆ ಬೇರೆ, ಒಂದು ಗುಡ್ಡದ ಮರೆಗೆ ಬಂದರೆ ಬೇರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಂತೂ ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ಒಣಗಿರುವಂಥದ್ದು. 1988ರಲ್ಲಿ ಬರದ ಮೇಲೆ ನಿಗಾ ಇಡುವ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಈಗ ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ನಡೆಸುತ್ತಿದೆ. ದೇಶದಲ್ಲೇ ದೊಡ್ಡ ಸಾಧನೆ ಅದು. ಆದರೂ ಮಲೆನಾಡಿನ ಒಂದು ಪಂಚಾಯಿತಿ ಎಂದರೆ ನಾಲ್ಕಾರು ಹಳ್ಳಿ, ನಡುವೆ ಹೊಳೆ, ಕಾನು, ಗುಡ್ಡ. ಪಂಚಾಯಿತಿ ಕಚೇರಿಯ ಬಳಿ ಬಿದ್ದ ಮಳೆಯೇ ನಿಮ್ಮ ತೋಟಕ್ಕೂ ಬಿತ್ತು ಎನ್ನಲಾಗದು.

ಸಾಮಾನ್ಯ ಜನ ಅಳೆದ ಮಳೆಗೆ ಬೆಲೆ ಇದೆಯೇ ಎಂದು ಕೇಳುವವರಿಗೆ ಎರಡು ಉದಾಹರಣೆ ಕೊಡಬಹುದು. ಇಂಗ್ಲೆಂಡಿನ ಜಾರ್ಜ್ ಜೇಮ್ಸ್ ಸೈಮನ್ಸ್ 1860ರಲ್ಲಿ ಸ್ವಯಂಸೇವಕರನ್ನು ಜೋಡಿಸಿ ಮಳೆ ಲೆಕ್ಕ ಕಲೆಹಾಕತೊಡಗಿದರು. ಪಾದ್ರಿಗಳು, ಜಮೀನುದಾರರು, ಶಾಲಾ ಮಾಸ್ತರರು ಸೇರಿ ಆ ಬಳಗ ಮೂರು ಸಾವಿರ ದಾಟಿತು. ನಮ್ಮ ತಾಲ್ಲೂಕು ಕಚೇರಿಗಳ ಆವರಣದಲ್ಲಿ ಬಹಳ ಕಾಲ ನಿಂತಿದ್ದ ಮಳೆಮಾಪಕದ ಹೆಸರು ‘ಸೈಮನ್ಸ್ ಮಾಪಕ’. ಇನ್ನೊಂದು ಅಮೆರಿಕದ್ದು. 1997ರ ಜುಲೈ 28ರಂದು ಕೊಲರಾಡೋದ ಫೋರ್ಟ್ ಕಾಲಿನ್ಸ್ ಊರಿನ ಒಂದು ಭಾಗಕ್ಕೆ ಮಾತ್ರ ಭಾರಿ ಮಳೆ ಸುರಿದು ಪ್ರವಾಹ ಬಂತು, ಜನ ಸತ್ತರು. ಅಷ್ಟು ಹತ್ತಿರ ಹತ್ತಿರದ ವ್ಯತ್ಯಾಸವನ್ನು ಹಿಡಿಯಲು ಅಧಿಕೃತ ಮಾಪಕಗಳಿಗೆ ಆಗಲಿಲ್ಲ. ಮರುವರ್ಷ ಅಲ್ಲಿನ ಹವಾಮಾನ ವಿಜ್ಞಾನಿ ನೋಲನ್ ಡೋಸ್ಕೆನ್ ಮತ್ತು ಗೆಳೆಯರು ಮನೆಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಮಾಪಕ ಇಡಿಸಿ ‘ಕೊಕೊರಾಸ್’ ಎಂಬ ಜಾಲ ಶುರುಮಾಡಿದರು. ಇಂದು ಅದು ಅಮೆರಿಕದ ಎಲ್ಲ ರಾಜ್ಯಗಳಲ್ಲಿದೆ, ಕೆನಡಾದಲ್ಲೂ ಇದೆ. ಅಲ್ಲಿ ನೆಲೆಸಿರುವ ಕನ್ನಡಿಗರು ನೇರವಾಗಿ ಸೇರಿಕೊಳ್ಳಬಹುದು.

ಮೊದಲು ಕೈಯಿಂದ ಅಳೆಯಿರಿ

ಸೆನ್ಸರ್, ವೈಫೈ, ಆ್ಯಪ್ ಎಲ್ಲ ಆಮೇಲೆ. ಮೊದಲು ಒಂದು ಸಾದಾ ಮಳೆಮಾಪಕ ಇಡಿ ಎಂಬುದು ನನ್ನ ಸಲಹೆ. ಇದು ಯಂತ್ರ ಬಂದ ಮೇಲೂ ಬೇಕು, ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕೊಳ್ಳುವುದಾದರೆ ಅದರ ಹೊಟ್ಟೆ ಎಷ್ಟು ದೊಡ್ಡದು ಎಂದು ನೋಡಿ. ಬಯಲುಸೀಮೆಗೆ 100 ಮಿಲಿಮೀಟರ್ ಹಿಡಿಯುವಂಥದ್ದು ಬಹುತೇಕ ಸಾಕು. ಕರಾವಳಿ, ಘಟ್ಟದ ಅಂಚಿನವರಿಗೆ ಸಾಲದು. ಆಷಾಢದ ಒಂದು ರಾತ್ರಿಗೆ ಅದು ತುಂಬಿ ಚೆಲ್ಲುತ್ತದೆ, ಚೆಲ್ಲಿದ್ದೆಷ್ಟು ಎಂದು ಯಾರೂ ಹೇಳಲಾರರು.

ಮನೆಯಲ್ಲೇ ಮಾಡಿಕೊಳ್ಳುವುದೂ ಕಷ್ಟವಲ್ಲ. ಬಾಯಿ ಸರಿಯಾಗಿ 16 ಸೆಂಟಿಮೀಟರ್ ಅಗಲವಿರುವ ಆಳದ ಆಲಿಕೆಯೊಂದನ್ನು ಕ್ಯಾನ್ ಮೇಲೆ ಕೂರಿಸಿ. ಆ ಬಾಯಿಯ ವಿಸ್ತೀರ್ಣ ಹತ್ತಿರ ಹತ್ತಿರ 200 ಚದರ ಸೆಂಟಿಮೀಟರ್. ಹಾಗಾಗಿ ಕ್ಯಾನಿನಲ್ಲಿ ಸೇರಿದ ಪ್ರತಿ 20 ಮಿಲಿಲೀಟರ್ ನೀರಿಗೆ ಒಂದು ಮಿಲಿಮೀಟರ್ ಮಳೆ. ಒಂದು ಲೀಟರ್ ಇದ್ದರೆ 50 ಮಿಲಿಮೀಟರ್. ಆರು ಲೀಟರಿನ ಕ್ಯಾನ್ ಇಟ್ಟರೆ 300 ಮಿಲಿಮೀಟರ್ ಮಳೆಗೂ ಜಾಗ ಉಂಟು. ಆಲಿಕೆ ತೀರ ಚಪ್ಪಟೆಯಾಗಿದ್ದರೆ ದಪ್ಪ ಹನಿ ಬಿದ್ದು ಹೊರಕ್ಕೆ ಸಿಡಿಯುತ್ತದೆ, ಆದ್ದರಿಂದ ಅಂಚು ನೆಟ್ಟಗೆ ಮೇಲೆದ್ದಿರುವುದನ್ನೇ ಹುಡುಕಿ. ಅಳೆಯಲು ಔಷಧಿ ಅಂಗಡಿಯಲ್ಲಿ ಸಿಗುವ ಗೆರೆ ಹಾಕಿದ ಕಪ್ ಸಾಕು.

ಜಾಗದ ವಿಷಯದಲ್ಲಿ ರಾಜಿ ಬೇಡ. ಮಾಪಕದ ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿರಬೇಕು ಎಂಬುದು ನಮ್ಮ ಹವಾಮಾನ ಇಲಾಖೆಯ ಕ್ರಮ. ಸುತ್ತ ಹುಲ್ಲು ಅಥವಾ ಜಲ್ಲಿ ಇದ್ದರೆ ಕೆಸರು ಸಿಡಿಯುವುದಿಲ್ಲ. ಮನೆ, ಮರ, ಬೇಲಿ ಏನೇ ಇರಲಿ, ಅದರ ಎತ್ತರದ ಎರಡು ಪಟ್ಟಾದರೂ ದೂರದಲ್ಲಿ ಮಾಪಕ ಇಡಬೇಕು. ಅಡಿಕೆ ತೋಟದ ನಡುವೆ ಇದು ಆಗದ ಮಾತು. ಹಾಗಿರುವಾಗ ಅಂಗಳ, ಗದ್ದೆ ಬಯಲು, ಅಡಿಕೆ ಒಣಗಿಸುವ ಕಣದ ಅಂಚು ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಸೂರಿನ ನೀರು, ಎಲೆಯಿಂದ ತೊಟ್ಟಿಕ್ಕುವ ನೀರು ಸೇರಿದರೆ ಆ ಅಂಕಿ ಮಳೆಯದಲ್ಲ.

ಅಳೆಯುವ ಹೊತ್ತು ಬೆಳಿಗ್ಗೆ 8.30. ದೇಶದುದ್ದಕ್ಕೂ ಮಳೆ ಅಳೆಯುವುದು ಆಗಲೇ. ಅಂತರರಾಷ್ಟ್ರೀಯ ಸಮಯದಲ್ಲಿ ಅದು ನಸುಕಿನ ಮೂರು ಗಂಟೆ. ಸೋಮವಾರ ಬೆಳಿಗ್ಗೆ 8.30ರಿಂದ ಮಂಗಳವಾರ ಬೆಳಿಗ್ಗೆ 8.30ರವರೆಗೆ ಬಿದ್ದದ್ದನ್ನು ಮಂಗಳವಾರದ ತಾರೀಖಿಗೆ ಬರೆಯುವುದು ಇಲಾಖೆಯ ಪದ್ಧತಿ. ನೀವೂ ಹಾಗೇ ಬರೆದರೆ ನಿಮ್ಮ ಅಂಕಿಯನ್ನು ಇನ್ನೊಂದು ಊರಿನ ಅಂಕಿಯ ಪಕ್ಕ ಇಟ್ಟು ನೋಡಬಹುದು. ಅದೇ ಹೋಲಿಕೆಗಾಗಿ ಇಲಾಖೆಯ ವರ್ಗಗಳೂ ತಿಳಿದಿರಲಿ: ದಿನಕ್ಕೆ 2.5 ಮಿಲಿಮೀಟರ್ ಮುಟ್ಟಿದರೆ ಅದು ‘ಮಳೆ ದಿನ’, 64.5 ಮುಟ್ಟಿದರೆ ಭಾರಿ, 115.6 ಆದರೆ ಅತಿ ಭಾರಿ, 204.5 ಮತ್ತು ಮೇಲೆ ಅತ್ಯಂತ ಭಾರಿ ಮಳೆ.

ಮಳೆ ಬಾರದ ದಿನ 0 ಎಂದು ಬರೆಯಿರಿ. ಖಾಲಿ ಬಿಡಬೇಡಿ. ಊರಿಗೆ ಹೋಗಿ ಅಳೆಯಲಾಗದ ದಿನ ‘ಅಳೆದಿಲ್ಲ’ ಎಂದೇ ಬರೆಯಿರಿ. ಈ ಎರಡನ್ನೂ ಖಾಲಿ ಬಿಟ್ಟರೆ ಮುಂದೆ ಓದುವವರಿಗೆ ಬರಗಾಲ ಯಾವುದು, ಬೀಗ ಹಾಕಿದ ಮನೆ ಯಾವುದು ಎಂದು ತಿಳಿಯುವುದಿಲ್ಲ. ನಾಲ್ಕು ದಿನ ಬಿಟ್ಟು ಬಂದು ಒಟ್ಟು ನೀರು ಅಳೆದರೆ ನಾಲ್ಕು ದಿನದ ಮೊತ್ತ ಎಂದು ಬರೆಯಬೇಕು, ನಾಲ್ಕಕ್ಕೆ ಹಂಚಬಾರದು.

ಯಂತ್ರ ತರುವ ಮುನ್ನ, ತಂದ ಮೇಲೆ

ಈಗ ಮನೆಗೆ ತರಬಹುದಾದ ಕೇಂದ್ರಗಳು ಹತ್ತಾರು ಸಾವಿರ ರೂಪಾಯಿಯ ಆಚೀಚೆ ಸಿಗುತ್ತವೆ. ಡೇವಿಸ್‌ನಂಥ ಹಳೆಯ ಕಂಪನಿಯವು ತುಟ್ಟಿ, ಇಕೋವಿಟ್‌ನಂಥವು ಅಗ್ಗ. ಹೊರಗೆ ಸೋಲಾರ್ ಅಥವಾ ಸೆಲ್ ಬಲದಿಂದ ನಡೆಯುವ ಸೆನ್ಸರ್‌ಗಳು, ಒಳಗೆ ಒಂದು ಪರದೆ ಅಥವಾ ಅಂಕಿಗಳನ್ನು ಇಂಟರ್‌ನೆಟ್‌ಗೆ ದಾಟಿಸುವ ಗೇಟ್‌ವೇ, ಎರಡರ ನಡುವೆ ರೇಡಿಯೊ ಸಂಪರ್ಕ. ಕೊಳ್ಳುವಾಗ ತರಂಗಾಂತರ ಕೇಳಿ. 915 ಮೆಗಾಹರ್ಟ್ಸ್ ಅಮೆರಿಕಕ್ಕೆ ಮಾಡಿದ್ದು, ನಮ್ಮಲ್ಲಿ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿರುವುದರಲ್ಲಿ 865ರಿಂದ 868ರ ಪಟ್ಟಿ ಮುಖ್ಯ. ಬೆಸುಗೆ ಹಾಕುವ ಕೈಗುಣ ಇರುವ ಕಾಲೇಜು ಹುಡುಗ ಹುಡುಗಿಯರು ಇಎಸ್‌ಪಿ32 ಚಿಪ್ಪಿಗೆ ಬಿಎಂಇ280 ಸೆನ್ಸರ್ ಜೋಡಿಸಿದರೆ ಉಷ್ಣಾಂಶ, ಆರ್ದ್ರತೆ, ವಾಯುಭಾರ ಮೂರೂ ಕಡಿಮೆ ಖರ್ಚಿನಲ್ಲಿ ಸಿಗುತ್ತವೆ.

ದುಬಾರಿ ಯಂತ್ರವನ್ನು ತಪ್ಪು ಜಾಗದಲ್ಲಿ ಇಡುವುದಕ್ಕಿಂತ ಅಗ್ಗದ್ದನ್ನು ಸರಿಯಾದ ಜಾಗದಲ್ಲಿ ಇಡುವುದು ಎಷ್ಟೋ ಮೇಲು. ಉಷ್ಣಾಂಶದ ಸೆನ್ಸರ್ ನೆಲದಿಂದ ಒಂದೂಕಾಲಿನಿಂದ ಎರಡು ಮೀಟರ್ ಎತ್ತರದಲ್ಲಿ, ಬಿಳಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಗೂಡಿನೊಳಗೆ, ಗಾಳಿ ಆಡುವ ಕಡೆ, ಹುಲ್ಲು ನೆಲದ ಮೇಲೆ ಇರಬೇಕು. ಈ ಗೂಡಿನ ಹಿರಿಯಣ್ಣ ಹವಾಮಾನ ವೀಕ್ಷಣಾಲಯಗಳ ಬಿಳಿ ಮರದ ಪೆಟ್ಟಿಗೆ. ಅದನ್ನು ರೂಪಿಸಿದವರು ಥಾಮಸ್ ಸ್ಟೀವನ್ಸನ್, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ ಅವರ ತಂದೆ, ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್. ಕಾಂಕ್ರೀಟ್ ತಾರಸಿ, ಶೀಟಿನ ಮಾಡು, ಏಸಿಯ ಹೊರಘಟಕ ಹತ್ತಿರವಿದ್ದರೆ ನೀವು ಅಳೆಯುವುದು ಅವುಗಳ ಬಿಸಿಯನ್ನು.

ಗಾಳಿಯ ವೇಗವನ್ನು ನಿಯಮದ ಪ್ರಕಾರ ಬಯಲಿನಲ್ಲಿ ಹತ್ತು ಮೀಟರ್ ಎತ್ತರದಲ್ಲಿ ಅಳೆಯಬೇಕು. ಮನೆಯಲ್ಲಿ ಅದು ಆಗುವುದು ಅಪರೂಪ. ಬೆಂಗಳೂರಿನ 30×40 ಅಡಿ ಸೈಟಿನ ಮನೆಯಲ್ಲಂತೂ ತಾರಸಿಯೇ ಗತಿ. ಅಲ್ಲಿ ಮಾಪಕವನ್ನು ಪ್ಯಾರಾಪೆಟ್ ಗೋಡೆಯಿಂದ, ಓವರ್‌ಹೆಡ್ ಟ್ಯಾಂಕಿನಿಂದ ಆದಷ್ಟು ದೂರವಿಟ್ಟು, ‘ತಾರಸಿಯ ಮೇಲೆ, ನೆಲದಿಂದ ಇಷ್ಟು ಎತ್ತರ’ ಎಂದು ಕೇಂದ್ರದ ವಿವರದಲ್ಲಿ ಬರೆದುಬಿಡಿ. ಕೊರತೆಯನ್ನು ಬರೆದಿಟ್ಟ ಅಂಕಿ ವಿಜ್ಞಾನಿಗೆ ಉಪಯೋಗಕ್ಕೆ ಬರುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚಿನ ಸಿಡಿಲು ಜೋರು, ಆದ್ದರಿಂದ ಮನೆಯ ಮೇಲೆ ಎತ್ತರದ ಕಬ್ಬಿಣದ ಕಂಬ ನೆಡುವವರು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಮಾಡಿಸದೆ ನೆಡಬಾರದು.

ಯಂತ್ರದ ಮಳೆಮಾಪಕದ ಒಳಗೆ ಏನಿದೆ ಎಂದು ಮುಚ್ಚಳ ತೆಗೆದು ಒಮ್ಮೆ ನೋಡಿ. ಆಲಿಕೆಯ ಕೆಳಗೆ ಏತದ ಹಾಗೆ ಆಚೀಚೆ ವಾಲುವ ಎರಡು ಪುಟ್ಟ ದೊನ್ನೆಗಳಿರುತ್ತವೆ. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆದ್ದು ನೀರಿಗೆ ಬಾಯಿ ಕೊಡುತ್ತದೆ. ವಾಲಿದಾಗಲೆಲ್ಲ ಅಯಸ್ಕಾಂತವೊಂದು ಸ್ವಿಚ್ಚಿನ ಮುಂದೆ ಹಾದು ಎಣಿಕೆ ಒಂದೊಂದೇ ಏರುತ್ತದೆ. ಒಂದು ವಾಲಿಗೆ ಸಾಮಾನ್ಯವಾಗಿ 0.2 ಅಥವಾ 0.254 ಮಿಲಿಮೀಟರ್. ಕೆಲಸ ಕೆಡುವ ಬಗೆಗಳೂ ಇಲ್ಲೇ ಇವೆ. ಪೀಠ ಓರೆಯಾಗಿದ್ದರೆ ದೊನ್ನೆ ತುಂಬುವ ಮೊದಲೇ ವಾಲುತ್ತದೆ, ರಸಮಟ್ಟ ಇಟ್ಟು ಸರಿಮಾಡಬೇಕು. ಜೇಡ ಬಲೆ ಕಟ್ಟಿದರೆ ವಾಲುವುದೇ ಇಲ್ಲ. ಅಡಿಕೆಯ ಹಿಂಗಾರದ ಹೂವು, ಬಸಳೆಯ ಎಲೆ, ಹಕ್ಕಿಯ ಹಿಕ್ಕೆ ಆಲಿಕೆಯ ಕಂಡಿಗೆ ಸಿಕ್ಕಿಕೊಂಡರೆ ಹೊರಗೆ ಧೋ ಎಂದು ಸುರಿಯುತ್ತಿದ್ದರೂ ಪರದೆಯ ಮೇಲೆ ತುಂತುರು. ಹಾಗೆ ಕಟ್ಟಿ ನಿಂತ ನೀರು ಮಳೆ ನಿಂತ ಮೇಲೂ ಗಂಟೆಗಟ್ಟಲೆ ತೊಟ್ಟಿಕ್ಕಿ, ಬಿಸಿಲಲ್ಲೂ ಮಳೆ ತೋರಿಸುತ್ತದೆ. ಇನ್ನು ಘಟ್ಟದ ಜಡಿಮಳೆಯಲ್ಲಿ ದೊನ್ನೆ ವಾಲುತ್ತಿರುವ ಆ ಕ್ಷಣದಲ್ಲೂ ನೀರು ಸುರಿಯುತ್ತಲೇ ಇರುವುದರಿಂದ ಸ್ವಲ್ಪ ಲೆಕ್ಕ ತಪ್ಪುತ್ತದೆ. ಮಳೆ ಜೋರಾದಷ್ಟೂ ಈ ಯಂತ್ರಗಳು ಕಡಿಮೆ ತೋರಿಸುವುದು ಈ ಕಾರಣಕ್ಕೆ.

ಪರೀಕ್ಷಿಸಲು ಸಲೈನ್ ಹಾಕುವ ಹೊಸ ಡ್ರಿಪ್ ಸೆಟ್ ಒಂದಿದ್ದರೆ ಸಾಕು. ನಿಮ್ಮ ಮಾಪಕದ ಬಾಯಿ 200 ಚದರ ಸೆಂಟಿಮೀಟರ್ ಎಂದುಕೊಳ್ಳಿ. ಅಳೆದ 200 ಮಿಲಿಲೀಟರ್ ನೀರನ್ನು ಬಾಟಲಿಗೆ ತುಂಬಿ, ಹನಿ ಹನಿಯಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಆಲಿಕೆಗೆ ಬಿಡಿ. ಪರದೆ 10 ಮಿಲಿಮೀಟರ್ ತೋರಿಸಬೇಕು. ಒಂಬತ್ತು ತೋರಿಸಿದರೆ ದೊನ್ನೆಯ ಕೆಳಗಿನ ತಿರುಪು ತಿರುಗಿಸಿ, ಇಲ್ಲವೇ ಸಾಫ್ಟ್‌ವೇರಿನಲ್ಲಿ ಗುಣಕ ಬದಲಿಸಿ, ಬದಲಿಸಿದ ತಾರೀಖು ಬರೆದಿಡಿ. ನೀರನ್ನು ಒಮ್ಮೆಗೇ ಸುರಿದು ನೋಡುವುದು ಪರೀಕ್ಷೆಯಲ್ಲ. ಬಾಯಿಯ ಅಳತೆ ಬೇರೆಯಾದರೆ ಮಿಲಿಲೀಟರನ್ನು ಚದರ ಸೆಂಟಿಮೀಟರಿನಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಮಿಲಿಮೀಟರ್ ಬರುತ್ತದೆ. ಕಂಪ್ಯೂಟರಿಗೆ ಈ ಪರೀಕ್ಷೆ ಮಳೆಯಂತೆಯೇ ಕಾಣುವುದರಿಂದ ಆ ಹೊತ್ತು ಅಂಕಿ ಏರಿಸುವುದನ್ನು ನಿಲ್ಲಿಸಿರಬೇಕು.

ಆರ್ದ್ರತೆಯ ಸೆನ್ಸರಿಗೆ ಅಡುಗೆ ಉಪ್ಪಿನ ಪರೀಕ್ಷೆ ಉಂಟು. ಚಿಕ್ಕ ಬಟ್ಟಲಲ್ಲಿ ಉಪ್ಪು ಹಾಕಿ, ಕರಗಿಹೋಗದೆ ಒದ್ದೆ ಮುದ್ದೆಯಾಗುವಷ್ಟೇ ನೀರು ಬೆರೆಸಿ, ಗಾಳಿ ಆಡದ ಡಬ್ಬಿಯಲ್ಲಿ ಸೆನ್ಸರಿನ ಪಕ್ಕ ಇಟ್ಟು ರಾತ್ರಿಯಿಡೀ ಬಿಡಿ, ನೀರು ಸೆನ್ಸರಿಗೆ ತಾಗದಿರಲಿ. ನಮ್ಮ ಊರುಗಳ ಬೆಚ್ಚನೆಯ ಹವೆಯಲ್ಲಿ ಡಬ್ಬಿಯೊಳಗಿನ ಆರ್ದ್ರತೆ ಶೇ 75ರಲ್ಲಿ ನಿಲ್ಲುತ್ತದೆ. ಸೆನ್ಸರ್ ಶೇ 85 ಎಂದರೆ ಅದಕ್ಕೆ ವಯಸ್ಸಾಗಿದೆ. ತಿಂಗಳುಗಟ್ಟಲೆ ತೊಯ್ದ ಗಾಳಿಯಲ್ಲೇ ಇರುವ ಮಲೆನಾಡು, ಉಪ್ಪುಗಾಳಿಯ ಕರಾವಳಿ ಎರಡೂ ಈ ಸೆನ್ಸರುಗಳನ್ನು ಬೇಗ ತಿನ್ನುತ್ತವೆ. ಕೆಲವು ವರ್ಷಕ್ಕೊಮ್ಮೆ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ವಾಯುಭಾರದಲ್ಲಿ ಹೊಸಬರು ಎರಡು ಕಡೆ ಗೊಂದಲಪಡುತ್ತಾರೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಬೆಂಗಳೂರಿನಲ್ಲಿ ಯಂತ್ರ ನೇರವಾಗಿ ಅಳೆಯುವುದು 910 ಹೆಕ್ಟಾಪಾಸ್ಕಲ್ ಆಸುಪಾಸು. ಭೂಪಟದಲ್ಲಿ ತೋರಿಸುವುದು ಸಮುದ್ರಮಟ್ಟಕ್ಕೆ ಇಳಿಸಿದ ಸಾವಿರದ ಮೇಲಿನ ಅಂಕಿ. ನಿಮ್ಮ ಊರಿನ ಎತ್ತರವನ್ನು ಯಂತ್ರಕ್ಕೆ ಸರಿಯಾಗಿ ಹೇಳಿ, ಹತ್ತಿರದ ವಿಮಾನ ನಿಲ್ದಾಣದ ವರದಿಯೊಂದಿಗೆ ತಾಳೆ ನೋಡಿ. ಇನ್ನೊಂದು, ಪ್ರತಿ ಮಧ್ಯಾಹ್ನ ವಾಯುಭಾರ ಮೂರ್ನಾಲ್ಕು ಹೆಕ್ಟಾಪಾಸ್ಕಲ್ ಇಳಿಯುವುದು ಕಂಡು ಚಂಡಮಾರುತವೆಂದು ಗಾಬರಿಯಾಗುವುದು. ನಮ್ಮ ಅಕ್ಷಾಂಶದಲ್ಲಿ ಅದು ನಿತ್ಯದ ಉಬ್ಬರವಿಳಿತ. ಬೆಳಿಗ್ಗೆ ಹತ್ತು, ರಾತ್ರಿ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕು, ನಸುಕಿನ ನಾಲ್ಕರ ಸುಮಾರಿಗೆ ಇಳಿಯುತ್ತದೆ. ಅಗ್ಗದ ಸೆನ್ಸರಿನಲ್ಲೂ ಈ ಅಲೆ ಸ್ಪಷ್ಟವಾಗಿ ಮೂಡುವುದನ್ನು ಮಕ್ಕಳಿಗೆ ತೋರಿಸಬೇಕು. ವಾತಾವರಣ ಇಡಿಯಾಗಿ ಉಸಿರಾಡುವುದನ್ನು ಮನೆಯಲ್ಲೇ ಕಾಣಬಹುದು.

ಅಂಕಿ ಹೊರಗೆ ಹೋಗುವ ದಾರಿ

ಬಹುತೇಕ ಯಂತ್ರಗಳು ಮನೆಯ ವೈಫೈ ಹಿಡಿದು ತಾವೇ ಅಂಕಿ ಏರಿಸುತ್ತವೆ. 1995ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವೆದರ್ ಅಂಡರ್‌ಗ್ರೌಂಡ್ ಇಂಥ ಮನೆ ಕೇಂದ್ರಗಳ ದೊಡ್ಡ ಜಾಲ. ಅಲ್ಲಿ ಹೆಸರು ನೋಂದಾಯಿಸಿದರೆ ಕೇಂದ್ರಕ್ಕೊಂದು ಗುರುತು, ಒಂದು ಕೀಲಿಪದ ಕೊಡುತ್ತಾರೆ. ಎರಡನ್ನೂ ಯಂತ್ರದ ಆ್ಯಪಿನಲ್ಲಿ ತುಂಬಿದರೆ ಭೂಪಟದ ಮೇಲೆ ನಿಮ್ಮ ಊರು ಚುಕ್ಕೆಯಾಗಿ ಮೂಡುತ್ತದೆ. ವಿಂಡಿ ಎಂಬ ಹವಾಮಾನ ತಾಣ ಕೂಡ ಮನೆ ಕೇಂದ್ರಗಳ ಅಂಕಿ ತೆಗೆದುಕೊಳ್ಳುತ್ತದೆ. ಹ್ಯಾಮ್ ರೇಡಿಯೊದವರು ಕಟ್ಟಿದ ಸಿಡಬ್ಲ್ಯೂಒಪಿ ಎಂಬ ಜಾಲದ ಮೂಲಕ ಹೋದರೆ ಅಂಕಿ ಅಮೆರಿಕದ ಹವಾಮಾನ ಸಂಸ್ಥೆಯ ಭಂಡಾರ ಸೇರಿ, ಅಕ್ಕಪಕ್ಕದ ಕೇಂದ್ರಗಳೊಂದಿಗೆ ತಾಳೆಯಾಗಿ ಗುಣಮಟ್ಟದ ಪರೀಕ್ಷೆಗೂ ಒಳಗಾಗುತ್ತದೆ.

ಇದರ ಜತೆಗೆ ನಿಮ್ಮದೇ ಪ್ರತಿ ನಿಮ್ಮಲ್ಲಿರಬೇಕು ಎಂದು ಒತ್ತಿ ಹೇಳುತ್ತೇನೆ. ಕಂಪನಿಗಳು ಕೈಬದಲಾಗುತ್ತವೆ, ಉಚಿತ ಸೇವೆ ನಿಲ್ಲುತ್ತದೆ, ಹತ್ತು ವರ್ಷದ ಮಳೆ ಒಂದು ದಿನ ಕಾಣದಾಗಬಹುದು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ‘ವೀಡಬ್ಲ್ಯೂಎಕ್ಸ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಅದು ಅಂಕಿಗಳನ್ನು ಮನೆಯಲ್ಲೇ ಕೂಡಿಡುತ್ತದೆ, ಒಂದೇ ಸಲಕ್ಕೆ ಹಲವು ಜಾಲಗಳಿಗೂ ಕಳಿಸುತ್ತದೆ. ಅಷ್ಟು ತಾಪತ್ರಯ ಬೇಡವೆಂದರೆ ತಿಂಗಳಿಗೊಮ್ಮೆ ಫೈಲ್ ಇಳಿಸಿಕೊಂಡು, ವರ್ಷಕ್ಕೊಮ್ಮೆ ಕಾಗದದ ಮೇಲೆ ಮುದ್ರಿಸಿಡಿ. ಮಲೆನಾಡಿನಲ್ಲಿ ಗಾಳಿಮಳೆ ಹಿಡಿದರೆ ಕರೆಂಟು, ಇಂಟರ್‌ನೆಟ್ಟು ಎರಡೂ ದಿನಗಟ್ಟಲೆ ಇರುವುದಿಲ್ಲ, ಅತಿ ಮುಖ್ಯವಾದ ಮಳೆ ಬೀಳುವುದೂ ಆಗಲೇ. ಹೀಗಾಗಿ ಒಳಗೇ ನೆನಪಿಟ್ಟುಕೊಳ್ಳುವ ಯಂತ್ರವನ್ನೇ ಕೊಳ್ಳಿ, ರೌಟರನ್ನೂ ಗೇಟ್‌ವೇಯನ್ನೂ ಇನ್‌ವರ್ಟರಿಗೆ ಹಾಕಿ. ಹಿತ್ತಲ ಕ್ಯಾನು ಹೇಗೂ ಅಳೆಯುತ್ತಲೇ ಇರುತ್ತದೆ.

ಜಾಲಗಳ ‘ದಿನ’ ಸಾಮಾನ್ಯವಾಗಿ ನಡುರಾತ್ರಿಯಿಂದ ನಡುರಾತ್ರಿಗೆ. ಪತ್ರಿಕೆಯಲ್ಲಿ ಬಂದ ಮಳೆಗೂ ನಿಮ್ಮ ಪುಟದ ಮಳೆಗೂ ತಾಳೆಯಾಗದಿದ್ದರೆ ಯಂತ್ರವನ್ನು ಬೈಯುವ ಮೊದಲು 8.30ರ ಲೆಕ್ಕ ಹಾಕಿ ನೋಡಿ.

ಮನೆಯೊಳಗಿನ ಉಷ್ಣಾಂಶವನ್ನು ಹೊರಗೆ ಹಂಚಬೇಡಿ. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬುದನ್ನು ಅದು ಹೇಳಿಬಿಡಬಹುದು. ಕೇಂದ್ರಕ್ಕೆ ನಿಮ್ಮ ಹೆಸರು, ಮನೆಯ ಹೆಸರಿನ ಬದಲು ಊರಿನ ಹೆಸರಿಡಿ. ಅಂಕಿಯ ಜತೆ ಸುತ್ತಲಿನ ನಾಲ್ಕು ದಿಕ್ಕಿನ ಫೋಟೊ, ಸೆನ್ಸರುಗಳ ಎತ್ತರ, ಯಂತ್ರ ಬದಲಿಸಿದ ತಾರೀಖು, ಹತ್ತಿರದ ಮರ ಕಡಿದ ತಾರೀಖು ಇವನ್ನು ಒಂದು ಪುಟದಲ್ಲಿ ಬರೆದಿಡಿ.

ಇಂಟರ್‌ನೆಟ್ ಜಾಲಕ್ಕಿಂತ ಊರಿನ ವಾಟ್ಸ್ಆ್ಯಪ್ ಗುಂಪೇ ಹೆಚ್ಚು ಜನರಿಗೆ ತಲುಪುತ್ತದೆ. ಅಲ್ಲಿ ‘ನಮ್ಮಲ್ಲಿ ಭರ್ಜರಿ ಮಳೆ’ ಎಂದು ಬರೆಯುವ ಬದಲು ಊರು, ತಾಲ್ಲೂಕು, ತಾರೀಖು, ಬೆಳಿಗ್ಗೆ 8.30ರವರೆಗಿನ 24 ಗಂಟೆಯ ಮಿಲಿಮೀಟರ್, ಜನವರಿಯಿಂದ ಇಲ್ಲಿಯವರೆಗಿನ ಒಟ್ಟು ಮೊತ್ತ ಇಷ್ಟನ್ನು ಒಂದೇ ಸಾಲಿನಲ್ಲಿ ಹಾಕಿ. ಹಿರಿಯ ಪ್ಲಾಂಟರುಗಳಿಗಾಗಿ ಇಂಚಿನ ಲೆಕ್ಕವನ್ನೂ ಸೇರಿಸಬಹುದು. ಹತ್ತು ಮನೆಯವರು ಇದೇ ಕ್ರಮದಲ್ಲಿ ಹಾಕಿದರೆ ಹೋಬಳಿಯ ಮಳೆಯ ನಕ್ಷೆಯೇ ಸಿಗುತ್ತದೆ. ಅಳೆದದ್ದನ್ನು ಹೇಳಿ, ನಾಳೆ ಪ್ರವಾಹ ಬರುತ್ತದೆ ಎಂದು ಹಬ್ಬಿಸಬೇಡಿ. ಎಚ್ಚರಿಕೆ ಕೊಡುವುದು ಹವಾಮಾನ ಇಲಾಖೆ, ಜಿಲ್ಲಾಡಳಿತದ ಹೊಣೆ.

ಅಂಕಿ ಕೂಡಿದ ಮೇಲೆ ನಮ್ಮ ಬೇಸಾಯದ ಪಂಚಾಂಗಕ್ಕೂ ಅದನ್ನು ಹೊಂದಿಸಿ ನೋಡಿ. ಮಳೆ ನಕ್ಷತ್ರ ಒಂದೊಂದೂ ಹದಿಮೂರು ಹದಿನಾಲ್ಕು ದಿನದ್ದು. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ ಎಂದು ಆಯಾ ನಕ್ಷತ್ರದ ಒಟ್ಟು ಮಳೆಯನ್ನು ಸ್ಪ್ರೆಡ್‌ಶೀಟಿನಲ್ಲಿ ಕೂಡಿಸಿದರೆ, ‘ಈ ಸಲ ಆರಿದ್ರ ಕೈಕೊಟ್ಟಿತು’ ಎಂಬ ಕಟ್ಟೆಯ ಮಾತಿಗೆ ಅಂಕಿ ಸಿಗುತ್ತದೆ. ಅಡಿಕೆ ಬೆಳೆಗಾರರಿಗಂತೂ ನೇರ ಉಪಯೋಗ. ಕೊಳೆ ರೋಗಕ್ಕೆ ಮುಂಗಾರಿನ ಮುನ್ನ ಬೋರ್ಡೋ ಮದ್ದು ಹೊಡೆದವರು ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ ಹೊಡೆಯಲು ಮಳೆ ಬಿಡುವು ಕೊಡುವ ಹೊಳವಿಗೆ ಕಾಯುತ್ತಾರೆ. ಮೊದಲ ಮದ್ದಿನ ನಂತರ ತಮ್ಮ ತೋಟದ ಮೇಲೆಯೇ ಎಷ್ಟು ಮಳೆ ಸುರಿದಿದೆ, ಎಷ್ಟು ದಿನ ಬಿಡದೆ ತೊಯ್ದಿದೆ ಎಂದು ತಿಳಿದಿದ್ದರೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರರನ್ನು ಯಾವ ವಾರಕ್ಕೆ ಗೊತ್ತುಮಾಡಬೇಕೆಂದು ಮೊದಲೇ ನಿರ್ಧರಿಸಬಹುದು.